ಒಣ ಹಗ್ಗದ ಗಂಟು

"ಏಯ್! ಆ ಕತ್ತರಿ ಕೆಳಗಿಡಿ ಮೊದಲು!"

ನಾಗಿಸಾಳ ಕೂಗಿಗೆ ಜಪಾನಿನ ತಾಕೆತಾ ಊರಿನ ಸ್ಟೇಷನ್ ಮುಂದಿನ ಚೌಕದಲ್ಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಏಣಿಯ ಮೇಲಿದ್ದ ಅಪರಿಚಿತ ಮಾತ್ರ ಬೆದರಲಿಲ್ಲ. ಅವಳು ಕೈಯಾರೆ ಕಟ್ಟಿದ್ದ ಬಿದಿರಿನ ಕಮಾನಿನಿಂದ ಗಂಟೊಂದನ್ನು ಕಚಕ್ಕನೆ ಕತ್ತರಿಸಿ, ಇಳಿದು ಬಂದು, ಸೊಂಟ ಬಗ್ಗಿಸಿ ವಂದಿಸಿದ. ಎಂಥ ಭಂಡ!

"ನಾನು ಶುಂಜಿ. ಫುಕುಓಕಾ ಆಫೀಸಿನ ಆರ್ಕಿಟೆಕ್ಟ್. ನಿಮ್ಮ ಸಹಾಯಕ್ಕೆ ಅಂತ ಕಳಿಸಿದ್ದಾರೆ."

"ಸಹಾಯಕ್ಕೋ, ಕೆಡವೋದಕ್ಕೋ? ನನ್ನ ಗಂಟು ನಿಮಗೇನ್ ಮಾಡಿತ್ತು?"

ಅವನು ಅವಳ ಬತ್ತಿದ ಮುಖವನ್ನೊಮ್ಮೆ ನೋಡಿದ. ಏನೋ ಹೇಳಲು ಹೋಗಿ ನುಂಗಿಕೊಂಡ.

"ಅಷ್ಟೊಂದು... ಚೆಂದ ಕಾಣಲಿಲ್ಲ."

ಚೆಂದ ಕಾಣಲಿಲ್ಲವಂತೆ! ಮೊದಲಿನ ನಾಗಿಸಾ ಆಗಿದ್ದರೆ ಏಣಿಯನ್ನೇ ಎತ್ತಿ ಎಸೆಯುತ್ತಿದ್ದಳು. ಈಗ ಸಿಟ್ಟು ಬಂದಷ್ಟೇ ಬೇಗ ಆರಿಹೋಯಿತು.

ಅಮ್ಮ ಹೋದಾಗಿನಿಂದ ಅವಳಿಗೆ ಎಲ್ಲವೂ ಹೀಗೆಯೇ. ಸುಟ್ಟ ಮೇಲೆ ಅಮ್ಮನ ಮೂಳೆಗಳನ್ನು ಕಡ್ಡಿಯಲ್ಲಿ ಎತ್ತಿ ಮಡಕೆಗೆ ಹಾಕುವಾಗಲೂ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಅನ್ನಕ್ಕೆ ರುಚಿಯಿಲ್ಲ, ಚಳಿಗೆ ನಡುಕವಿಲ್ಲ. ನಲವತ್ತೊಂಬತ್ತನೇ ದಿನದ ಪೂಜೆಗೂ ಕಾಯದೆ ಕೆಲಸಕ್ಕೆ ಬಂದಿದ್ದಳು. ಯಾರನ್ನೂ ಮುಟ್ಟಗೊಡದೆ ಆ ಕಮಾನನ್ನು ಒಬ್ಬಳೇ ಕಟ್ಟಿದ್ದಳು. ಭಾನುವಾರದ ಹಬ್ಬಕ್ಕೆ ಊರಿನ ಮಕ್ಕಳೆಲ್ಲ ಅದರೊಳಗೆ ನುಗ್ಗಲಿದ್ದರು.

'ಇದೊಂದು ನೆಟ್ಟಗೆ ನಿಂತರೆ ಸಾಕು... ನನ್ನಲ್ಲಿ ಇನ್ನೇನು ಉಳಿದಿದೆ?'

ಶುಂಜಿ ಮಾತಿನವನಲ್ಲ. ಮಧ್ಯಾಹ್ನ ಅವಳ ಪಕ್ಕದಲ್ಲಿ ಅನ್ನದ ಉಂಡೆಯೊಂದನ್ನು ಇಟ್ಟು ಹೋಗುತ್ತಿದ್ದ.

"ಒಳಗೆ ಉಪ್ಪಲ್ಲಿ ಹಾಕಿದ ಪ್ಲಮ್ ಹಣ್ಣಿದೆ. ಹುಳಿ ಜಾಸ್ತಿ, ನೋಡ್ಕೊಳ್ಳಿ."

ಅವಳು ತಿನ್ನುವಳು. ಹುಳಿಯೂ ಇಲ್ಲ, ಉಪ್ಪೂ ಇಲ್ಲ. ಆದರೂ ಮರುದಿನ ಅವನು ಬರುವ ಹೊತ್ತಿಗೆ ಕಣ್ಣು ತಾನಾಗಿಯೇ ರಸ್ತೆಯತ್ತ ಹೋಗುತ್ತಿತ್ತು! ಅದೇಕೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನೋಡುತ್ತಾಳೆ, ಕಮಾನಿನ ಎಡಭಾಗದಲ್ಲಿ ಅವಳ ಗಂಟು ಒಂದೂ ಇಲ್ಲ! ಎಲ್ಲವೂ ಅವನದೇ.

ಆ ಅನ್ನದ ಉಂಡೆಯೆಲ್ಲ ಬರೀ ಬೆಣ್ಣೆ ಹಚ್ಚುವ ಆಟವಾ? ಅವಳು ನೇರ ಹಿರಿಯ ಆರ್ಕಿಟೆಕ್ಟ್ ಒನೊದೆರಾ ಅವರ ಬಳಿ ಹೋದಳು.

"ಸರ್, ಅವರು ನನ್ನ ಕೆಲಸ ಕಿತ್ತುಕೊಳ್ತಿದ್ದಾರೆ. ಅವರಿರಬೇಕು, ಇಲ್ಲಾ ನಾನಿರಬೇಕು."

ಒನೊದೆರಾ ಕೆಲಸದವರೆಲ್ಲರ ಎದುರಲ್ಲೇ ಕೇಳಿದರು. "ಏನಪ್ಪಾ ಇದು? ಯಾಕೆ ಬಿಚ್ಚಿದೆ?"

ಶುಂಜಿ ತಲೆ ಬಗ್ಗಿಸಿದ. "ತಪ್ಪು ನನ್ನದೇ. ಕ್ಷಮಿಸಿ."

ಅಷ್ಟೇ! ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ. ಗೆದ್ದವಳು ನಾಗಿಸಾ. ಗೆದ್ದ ಖುಷಿಯೂ ತಟ್ಟಲಿಲ್ಲ.

ಉಳಿದ ಕೆಲಸ ಮುಗಿಸೋಣವೆಂದು ಏಣಿ ಹತ್ತಿ, ಬಲಭಾಗದ ಗಂಟೊಂದನ್ನು ಹಿಡಿದಳು. ಗಂಟು ಬೆರಳ ಕೆಳಗೆ ಸರಕ್ಕನೆ ತಿರುಗಿತು. ಪಕ್ಕದ್ದೂ ತಿರುಗಿತು. ಅದರ ಪಕ್ಕದ್ದೂ! ಇಳಿದು ಎಡಕ್ಕೆ ಓಡಿ ಅವನ ಗಂಟನ್ನು ಎಳೆದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಬಿದಿರಿಗೆ ನಾರಿನ ಹಗ್ಗವನ್ನು ನೀರಲ್ಲಿ ನೆನೆಸಿ ಕಟ್ಟಬೇಕು; ಒಣಗುತ್ತಾ ಅದು ಬಿಗಿಯುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಮಾತು. ಅವಳು ಇಡೀ ಕಮಾನನ್ನು ಒಣ ಹಗ್ಗದಲ್ಲೇ ಕಟ್ಟಿದ್ದಳು. ಹಗ್ಗ ಒದ್ದೆಯೋ ಒಣಗಿದ್ದೋ ಅವಳ ಬೆರಳಿಗೆ ತಿಳಿದೇ ಇರಲಿಲ್ಲ.

'ಭಾನುವಾರ... ಮಕ್ಕಳು... ಅಯ್ಯೋ ದೇವರೇ!'

ಬಸ್ ನಿಲ್ದಾಣದ ಪಕ್ಕ, ಬಿಸಿನೀರಿನ ಬುಗ್ಗೆಯ ಕಾಲುತೊಟ್ಟಿಯಲ್ಲಿ ಶುಂಜಿ ಪ್ಯಾಂಟು ಮಡಚಿ ಕಾಲಿಳಿಬಿಟ್ಟು ಕೂತಿದ್ದ. ನಾಗಿಸಾ ಏದುಸಿರು ಬಿಡುತ್ತಾ ಬಂದು ನಿಂತಳು.

"ಯಾಕೆ ಹೇಳಲಿಲ್ಲ?"

"ಅಷ್ಟು ಜನರ ಎದುರು ಹೇಗೆ ಹೇಳಲಿ? ನಿಮ್ಮ ಮರ್ಯಾದೆ..."

"ಹಾಳಾಗಲಿ ಮರ್ಯಾದೆ! ನನಗೊಬ್ಬಳಿಗೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಅತ್ತುಬಿಡ್ತೀರೇನೋ ಅಂತ ಹೆದರಿಕೆ ಆಯ್ತು."

"ಅಳೋಕೇ ಬರ್ತಿಲ್ಲ ಶುಂಜಿ-ಸಾನ್! ಅಮ್ಮ ಹೋದ್ರೂ ಬರ್ಲಿಲ್ಲ. ನೀವು ಹೋದ್ರೂ ಬರ್ಲಿಲ್ಲ... ನನಗೇನೂ ಆಗ್ತಾನೇ ಇಲ್ಲ!"

ಅವನು ಸರಿದು ಜಾಗ ಕೊಟ್ಟ. ಅವಳು ಬೂಟು ಕಳಚಿ ಕಾಲಿಳಿಬಿಟ್ಟಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ...

"ಅಬ್ಬಾ, ಸುಡುತ್ತೆ!"

"ಹೌದು. ನಾನೂ ಆಗಿಂದ ಕಾಲು ತೆಗೆದು ತೆಗೆದು ಇಡ್ತಿದ್ದೀನಿ."

ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣು ತುಂಬಿ, ಹನಿಗಳು ಟಪಟಪನೆ ನೀರಿಗೆ ಬಿದ್ದವು. ಅಮ್ಮನಿಗಾಗಿ ಅವಳು ಅತ್ತದ್ದು ಅದೇ ಮೊದಲು. ಶುಂಜಿ ತನ್ನ ಟವೆಲ್ಲನ್ನು ಅವಳ ಕೈಗಿಟ್ಟು, ಆ ಕೈಯನ್ನು ಹಾಗೆಯೇ ಹಿಡಿದುಕೊಂಡ. ಅವನ ಅಂಗೈ ಒರಟಾಗಿತ್ತು. ಅದೂ ಅವಳಿಗೆ ತಿಳಿಯಿತು!

"ಬನ್ನಿ," ಎಂದಳು ಮೂಗು ಒರೆಸಿಕೊಂಡು. "ಇನ್ನೂ ಅರ್ಧ ಕಮಾನು ಬಿಚ್ಚಿ ಕಟ್ಟಬೇಕು. ತಪ್ಪು ನಂದು ಅಂತ ಎಲ್ಲರ ಎದುರೇ ಹೇಳ್ತೀನಿ."

"ನಾನೂ ಒಂದು ಮಾತು ಹೇಳಬೇಕು... ಮೊದಲ ದಿನದಿಂದ ಬಾಯಲ್ಲೇ ಇದೆ."

"ಅದನ್ನೂ ಎಲ್ಲರ ಎದುರೇ ಹೇಳ್ತೀರಾ?"

ಅವನ ಕಿವಿ ಕೆಂಪಾಯಿತು. "ಇಲ್ಲ. ಅದು ನಿಮ್ಮೊಬ್ಬರಿಗೇ."

"ಹಾಗಾದ್ರೆ ಇಲ್ಲೇ ಹೇಳಿ," ಎಂದಳು ನಾಗಿಸಾ, ಹಿಡಿದ ಕೈ ಬಿಡದೆ. "ಈಗ ನನಗೆ ಗೊತ್ತಾಗುತ್ತೆ."