ಇನ್ನೊಂದ್ಸಲ ಹೇಳಿ, ಡಾಕ್ಟ್ರೇ

“ನೆಕ್ಸ್ಟ್! ರೋಲ್ ನಂಬರ್ ಇಪ್ಪತ್ಮೂರು!”

ನರ್ಸಕ್ಕ ಕೂಗಿದ್ದೇ ತಡ, ಸಾಲಿನಿಂದ ಬಟಾಣಿ ಹಾರಿ ಬಂದು ಸ್ಟೂಲಿನ ಮೇಲೆ ಕುಳಿತಳು. ಎದೆ ಡವಡವ ಅನ್ನುತ್ತಿತ್ತು. ಹೆದರಿಕೆಯಿಂದಲ್ಲ, ಖುಷಿಯಿಂದ. ಶಾಲೆಯ ಹಾಲ್‌ನಲ್ಲಿ ಇವತ್ತು ಐದನೇ ಕ್ಲಾಸಿನವರಿಗೆಲ್ಲ ಕಿವಿಯ ಚೆಕಪ್. ಚೆಕಪ್ ಮಾಡುತ್ತಿದ್ದ ಡಾಕ್ಟರು ಬೇರೆ ಯಾರೂ ಅಲ್ಲ, ಅವಳ ಅಮ್ಮ.

ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಲೇ ಅಮ್ಮ ಹೇಳಿಬಿಟ್ಟಿದ್ದಳು. “ಶಾಲೇಲಿ ನಾನು ಡಾಕ್ಟ್ರು, ನೀನು ರೋಲ್ ನಂಬರ್ ಇಪ್ಪತ್ಮೂರು. ಬಟಾಣಿ ಗಿಟಾಣಿ ಅಂತ ಕರೆಯಲ್ಲ. ಆಯ್ತಾ?” ಅಷ್ಟು ಹೇಳಿ ಬಾಗಿಲು ದಾಟಿದ್ದಳು. ಎಂಟು ದಿನದಲ್ಲಿ ಅಮ್ಮ ಆಡಿದ ಅತಿ ಉದ್ದದ ಮಾತು ಅದೇ.

ಅಮ್ಮ ಮೊದಲು ಡಾಕ್ಟರಾಗಲು ಓದಿದಳು. ಆಮೇಲೆ ಕಿವಿ, ಮೂಗು, ಗಂಟಲಿನ ಬಗ್ಗೆ ಓದಿದಳು. ಅದೂ ಸಾಲದೆಂದು, ಮಕ್ಕಳ ಕಿವಿ, ಮೂಗು, ಗಂಟಲನ್ನೇ ಕಲಿಯಲು ಎರಡು ವರ್ಷ ಬೇರೆ ಊರಿನಲ್ಲಿದ್ದಳು. ಆಗ ಬಟಾಣಿ ದಿನವೂ ಫೋನಿಗೆ ಮುತ್ತು ಕೊಟ್ಟು ಮಲಗುತ್ತಿದ್ದಳು. ಈಗ ಅಮ್ಮ ಇದೇ ಊರಿನ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ, ಇದೇ ಮನೆಯಲ್ಲಿದ್ದಾಳೆ. ಆದರೂ ಹೆಚ್ಚಿನ ದಿನ ಬಟಾಣಿ ಏಳುವ ಮೊದಲೇ ಹೋಗಿರುತ್ತಾಳೆ, ಮಲಗಿದ ಮೇಲೆ ಬರುತ್ತಾಳೆ.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಅಜ್ಜಿ ಗೊಣಗುವುದುಂಟು. ಗೊಣಗುತ್ತಲೇ ಮಗಳ ಊಟದ ಡಬ್ಬಿಗೆ ಇನ್ನೊಂದು ಸೌಟು ಅನ್ನ ಹಾಕುತ್ತಾರೆ.

ಪರೀಕ್ಷೆ ಸುಲಭದ್ದು. ನರ್ಸಕ್ಕ ಒಂದು ಕಿವಿ ಮುಚ್ಚುತ್ತಾರೆ. ತುಟಿ ಕಾಣಿಸಬಾರದೆಂದು ಡಾಕ್ಟರು ಹಿಂದೆ ಒಂದು ಕೈಯಳತೆ ದೂರದಲ್ಲಿ ನಿಂತು ಪಿಸುಗುಟ್ಟುತ್ತಾರೆ. ಕೇಳಿಸಿದ್ದನ್ನು ಹೇಳಬೇಕು, ಅಷ್ಟೇ.

“ಮರ,” ಅಮ್ಮ ಪಿಸುಗುಟ್ಟಿದಳು.

“ಮರ!”

“ಚಂದಿರ.”

“ಚಂದಿರ!”

ಅಮ್ಮನ ಸೋಪಿನ ವಾಸನೆ ಬರುತ್ತಿತ್ತು. ಇನ್ನು ಕೆಲವೇ ಪದ, ಆಮೇಲೆ ‘ನೆಕ್ಸ್ಟ್’ ಎನ್ನುತ್ತಾರೆ. ಬಟಾಣಿಗೆ ಅಳು ಬಂದಂತಾಯಿತು.

“ಕುರ್ಚಿ.”

ಸ್ಪಷ್ಟವಾಗಿ ಕೇಳಿಸಿತು. ಆದರೆ ಬಾಯಿಂದ ಬಂದದ್ದೇ ಬೇರೆ. “ಇನ್ನೊಂದ್ಸಲ ಹೇಳಿ, ಡಾಕ್ಟ್ರೇ. ಕೇಳಿಸ್ಲಿಲ್ಲ.”

ಅಮ್ಮ ಅರ್ಧ ಹೆಜ್ಜೆ ಹತ್ತಿರ ಬಂದಳು. “ಕುರ್ಚಿ.”

“ಕೇಳಿಸ್ಲಿಲ್ಲ.”

ಅಮ್ಮ ಇನ್ನೂ ಹತ್ತಿರ ಬಂದಳು. ಅವಳ ಉಸಿರು ಕತ್ತಿಗೆ ತಾಗಿ ಬಟಾಣಿಗೆ ಕಚಗುಳಿಯಾಯಿತು. ಆಮೇಲೆ ಅಮ್ಮ ಪಿಸುಗುಟ್ಟಿದ ಒಂದು ಪದವನ್ನೂ ಬಟಾಣಿ ತಿರುಗಿ ಹೇಳಲಿಲ್ಲ. ಅಮ್ಮ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಏನನ್ನೋ ಬರೆದಳು.

ಸಂಜೆ ಶಾಲೆಯ ಗೇಟಿನಲ್ಲಿ ಅಮ್ಮನೇ ನಿಂತಿದ್ದಳು! ಈ ವರ್ಷ ಇದೇ ಮೊದಲು. ಬಟಾಣಿ ಕುಣಿಯುತ್ತಾ ಓಡಿದಳು. ಅಮ್ಮ ನಗಲಿಲ್ಲ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ಕುಳಿತಳು.

“ಕರೆದ್ರೆ ಓಗೊಡಲ್ಲ ಅಂತ ಅಜ್ಜಿ ಹೇಳ್ತಾನೇ ಇದ್ರು ಕಣೇ. ಜಾಣಗಿವುಡು ಅಂದ್ಕೊಂಡು ಸುಮ್ನಿದ್ದೆ. ಊರ ಮಕ್ಕಳ ಕಿವಿಯೆಲ್ಲ ನೋಡ್ತೀನಿ, ನಿನ್ನ ಕಿವಿ ನೋಡ್ಲಿಲ್ಲ ನಾನು.”

ನಿಜ ಹೇಳದೆ ಬಟಾಣಿ ಕಿಟಕಿಯತ್ತ ಮುಖ ತಿರುಗಿಸಿದಳು.

ಆಸ್ಪತ್ರೆಯಲ್ಲಿ ಹೊರಗಿನ ಸದ್ದು ಬರದ ಒಂದು ಪುಟ್ಟ ಕೋಣೆ ಇತ್ತು. ಅಮ್ಮ ಅವಳಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟಳು. “ಎಷ್ಟು ಸಣ್ಣ ಸದ್ದು ಕೇಳಿಸಿದ್ರೂ ಒತ್ತು.” ದಿನವೂ ಈ ಪರೀಕ್ಷೆ ಮಾಡುವ ಅಂಕಲ್‌ರನ್ನು ಕುರ್ಚಿಯಿಂದ ಎಬ್ಬಿಸಿ, ಗಾಜಿನ ಆಚೆ ತಾನೇ ಕುಳಿತಳು.

ಪೀಂ... ಮೊದಲ ಸದ್ದು ಬಂತು. ಬಟಾಣಿ ಒತ್ತದೆ ಗಾಜಿನತ್ತ ನೋಡಿದಳು.

ಅಮ್ಮ ಅವಳನ್ನೇ ನೋಡುತ್ತಿದ್ದಳು. ಫೋನಿಲ್ಲ, ಫೈಲಿಲ್ಲ. ಇಷ್ಟು ದಿನ ಬಟಾಣಿ ಹಂಬಲಿಸಿದ್ದು ಇದಕ್ಕೇ. ಆದರೆ ಅಮ್ಮ ತುಟಿ ಕಚ್ಚಿಕೊಂಡಿದ್ದಳು, ಮುಖ ಬಿಳಿಚಿಕೊಂಡಿತ್ತು. ಮಕ್ಕಳ ಮೂಗಿನಿಂದ ನಗುನಗುತ್ತಾ ಮಣಿ, ರಬ್ಬರ್ ಚೂರು ತೆಗೆಯುವ ಅಮ್ಮ ಹೆದರಿದ್ದಳು.

ಬಟಾಣಿ ಬಟನ್ ಒತ್ತಿದಳು. ಮತ್ತೆ ಸದ್ದು, ಮತ್ತೆ ಒತ್ತಿದಳು. ದೂರದ ಸೊಳ್ಳೆಯಷ್ಟು ಸಣ್ಣ ಸದ್ದಿಗೂ ಒತ್ತಿದಳು.

ಅಮ್ಮ ಒಳಗೆ ಬಂದು ಮಂಡಿಯೂರಿ ಕುಳಿತಳು. “ಎಲ್ಲಾ ಕೇಳಿಸ್ತಿದೆ ನಿಂಗೆ. ಬೆಳಿಗ್ಗೆ ಯಾಕೆ ಹಾಗೆ ಮಾಡ್ದೆ?”

“ನೀನು ಇನ್ನೂ ಹತ್ರ ಬರ್ತೀಯ ಅಂತ,” ಬಟಾಣಿ ನೆಲ ನೋಡುತ್ತಾ ಅಂದಳು. “ಸಾರಿ ಅಮ್ಮ.”

ಅಮ್ಮ ಬೈಯಲಿಲ್ಲ. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ತೆರೆಯಿತು.

“ಡಾಕ್ಟ್ರೇ, ಎಮರ್ಜೆನ್ಸಿ!” ನರ್ಸಕ್ಕ ಏದುಸಿರು ಬಿಡುತ್ತಿದ್ದರು. “ಎರಡು ವರ್ಷದ ಮಗು, ಮೂಗೊಳಗೆ ಆಟಿಕೆಯ ಬಟನ್ ಬ್ಯಾಟರಿ. ತಡ ಆದ್ರೆ ಒಳಗೆಲ್ಲ ಸುಟ್ಟುಹೋಗುತ್ತೆ.”

ಅಮ್ಮ ಬಾಗಿಲನ್ನು ನೋಡಿದಳು, ಬಟಾಣಿಯನ್ನು ನೋಡಿದಳು. ಬಟಾಣಿ ಮಾತ್ರ ಹೊರಗಿನ ಕಾರಿಡಾರ್ ನೋಡುತ್ತಿದ್ದಳು. ಅಲ್ಲಿ ಒಬ್ಬ ಹೆಂಗಸು ಅಳುವ ಮಗುವನ್ನು ಅಪ್ಪಿ ನಿಂತಿದ್ದಳು. ಅವಳೂ ತುಟಿ ಕಚ್ಚಿಕೊಂಡಿದ್ದಳು. ಈಗಷ್ಟೇ ಗಾಜಿನ ಆಚೆ ಕಂಡದ್ದೂ ಇಂಥದೇ ಮುಖ.

“ಹೋಗಮ್ಮ,” ಅಂದಳು ಬಟಾಣಿ. “ಬೇಗ ಹೋಗು. ನಾನು ಬೆಂಚ್ ಮೇಲೆ ಕೂತಿರ್ತೀನಿ.”

ಅಮ್ಮ ಎದ್ದಳು. ಬಟಾಣಿಯ ಬೆನ್ನ ಹಿಂದೆ ಒಂದು ಕೈಯಳತೆ ದೂರ ನಿಂತು ಪಿಸುಗುಟ್ಟಿದಳು. “ಬಟಾಣಿ.”

ಬಟಾಣಿ ತಿರುಗಲಿಲ್ಲ. “ಕೇಳಿಸ್ಲಿಲ್ಲ, ಡಾಕ್ಟ್ರೇ.”

ಅಮ್ಮ ಕಿಸಕ್ಕನೆ ನಕ್ಕಳು. ಹತ್ತಿರ ಬಂದು, ಬಗ್ಗಿ, ಕಿವಿಗೆ ತುಟಿ ತಾಗಿಸಿ ಇನ್ನೊಮ್ಮೆ ಹೇಳಿದಳು. ಆಮೇಲೆ ಓಡಿದಳು.

ಕಾರಿಡಾರಿನಲ್ಲಿ ಆ ಮಗುವಿನ ಒಂದು ಶೂ ಬಿದ್ದಿತ್ತು. ಬಟಾಣಿ ಅದನ್ನು ಎತ್ತಿ ಧೂಳು ಕೊಡವಿದಳು. ಮುಚ್ಚಿದ ಬಾಗಿಲ ಎದುರಿನ ಬೆಂಚಿನಲ್ಲಿ, ಶೂವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾ ಕುಳಿತಳು.