ಇಂಗಿತಮಣಿ

"ಈಗ ನಗಿ. ಹಲ್ಲು ಕಾಣುವಷ್ಟು ಬೇಡ," ಎಂದಿತು ಇಂಗಿತಮಣಿ. ಸಂದರ್ಶನ ಮಂಡಳಿಯ ಎದುರು ಕುಳಿತಿದ್ದ ಶಾಲ್ಮಲಾ ನಕ್ಕಳು. "ಅಧ್ಯಕ್ಷರ ಹುಬ್ಬುಗಳ ನಡುವೆ ನೋಡಿ. ಮೂರು ಸೆಕೆಂಡು. ಸಾಕು."

ಕೆಂಪು ಹರಳಿನ ಕಿವಿಯೋಲೆಯಂತಿದ್ದ ಆ ಯಂತ್ರ ಎದುರಿಗಿದ್ದವರ ಮುಖ, ಉಸಿರು, ದನಿಯ ಏರಿಳಿತಗಳನ್ನು ಅಳೆದು ಅವರ ಇಂಗಿತವನ್ನು ಊಹಿಸುತ್ತಿತ್ತು. ಏನು ಹೇಳಬೇಕೆಂದು ಪಿಸುಗುಟ್ಟುತ್ತಿತ್ತು. ಆಟಿಸಂ ಇರುವವರಿಗೆ ಸಂದರ್ಶನದಲ್ಲಿ ನೆರವಾಗಲೆಂದೇ ಡಾ. ಮಾಲತೇಶ ಹಾವನೂರ ಹುಬ್ಬಳ್ಳಿಯ ತಮ್ಮ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ್ದರು.

ಶಾಲ್ಮಲಾಗೆ ಬೇಕಾಗಿದ್ದುದು ರೈಲಿನ ಗಾಲಿ ಪರೀಕ್ಷಿಸುವ ಕೆಲಸ. ಚಾಲಕನಿಲ್ಲದೆ ರೈಲು ಓಡುವ ಆ ಕಾಲದಲ್ಲೂ ಗಾಲಿಯನ್ನು ಸುತ್ತಿಗೆಯಿಂದ ತಟ್ಟಿ ಕೇಳುವ ಪದ್ಧತಿ ಹೋಗಿರಲಿಲ್ಲ. ಎರಡು ವರ್ಷ ತರಬೇತಿ ಪಡೆದವಳು ಮೂರು ಸಂದರ್ಶನಗಳಲ್ಲಿ ಸೋತಿದ್ದಳು. "ನಿಮ್ಮ ಬಗ್ಗೆ ಹೇಳಿ" ಎಂದಾಗ ಒಮ್ಮೆ, "ಯಾವ ವರ್ಷದಿಂದ?" ಎಂದು ಕೇಳಿದ್ದಳು. ಪಾಪ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಸಂದರ್ಶಕರು ಅದನ್ನು ಉದ್ಧಟತನವೆಂದುಕೊಂಡರು. ಮುಂದಿನ ತಿಂಗಳು ಅವಳ ವಯೋಮಿತಿ ಮುಗಿಯುತ್ತಿತ್ತು. ಇದೇ ಕೊನೆಯ ಅವಕಾಶ.

"ಮಣಿ ಹೇಳಿದ್ದನ್ನ ನಾ ಹೇಳಿದ್ರ, ಕೆಲಸ ಯಾರಿಗೆ ಸಿಗತೈತ್ರಿ?" ಎಂದು ಅವಳು ಹಿಂದಿನ ದಿನ ಹಾವನೂರರನ್ನು ಕೇಳಿದ್ದಳು.

"ನಿನಗ. ಮುಂಜಾನೆ ಎದ್ದು ಕೆಲಸಕ್ಕ ಹೋಗಾಕಿ ನೀನ ಅಲ್ಲೇನು?" ಎಂದು ವಿಜ್ಞಾನಿ ನಕ್ಕಿದ್ದರು. ಅವಳಿಗೆ ಆ ಉತ್ತರದಿಂದ ಸಮಾಧಾನವಾಗಿರಲಿಲ್ಲ.

ಈಗ ಮಾತುಗಳೇನೋ ಅರಳು ಹುರಿದಂತೆ ಹೊರಬರುತ್ತಿದ್ದವು. ಆದರೆ ಮೇಜಿನ ಕೆಳಗೆ ಅವಳ ಬೆರಳು ಮೊಣಕಾಲನ್ನು ಒಂದೇ ಸಮನೆ ತಟ್ಟುತ್ತಿತ್ತು. ಅಧ್ಯಕ್ಷರಾದ ಗುತ್ತಲರು ಮಾತ್ರ ಹಿರಿಹಿರಿ ಹಿಗ್ಗಿದರು. ಇಷ್ಟು ಚೆಂದ ಮಾತನಾಡುವವಳನ್ನು ಗಾಲಿಗಳ ನಡುವೆ ಎಸೆಯುವುದು ಸರಿಯಲ್ಲ, ವಿಚಾರಣೆಯ ಕೌಂಟರಿಗೆ ತೆಗೆದುಕೊಳ್ಳೋಣ ಎಂದು ಉಳಿದಿಬ್ಬರಿಗೆ ಹೇಳಿಯೇಬಿಟ್ಟರು.

ಕೌಂಟರು! ದಿನಕ್ಕೆ ಸಾವಿರ ಅಪರಿಚಿತರು, ಸಾವಿರ ಪ್ರಶ್ನೆಗಳು. "ಧನ್ಯವಾದ ಹೇಳಿ," ಎಂದಿತು ಮಣಿ. ಶಾಲ್ಮಲಾ ಅದನ್ನು ಕಿತ್ತು ಮೇಜಿನ ಮೇಲಿಟ್ಟಳು.

"ಅವು ನನ್ನ ಮಾತಲ್ರಿ. ಇದು ಹೇಳಿಕೊಟ್ಟಿದ್ದು. ನನಗ ಗಾಲಿ ಕೆಲಸ ಬೇಕ್ರಿ."

ಗುತ್ತಲರ ಮುಖ ಕೆಂಪಾಯಿತು. ತಮ್ಮ ಕಣ್ಣೆದುರಿಗೇ ನಕಲು ನಡೆದಿದೆ! ಯಂತ್ರ ಏನೇನು ಹೇಳಿಕೊಡುತ್ತದೋ ನೋಡಿಯೇಬಿಡೋಣವೆಂದು ಅದನ್ನೆತ್ತಿ ತಮ್ಮ ಕಿವಿಗೆ ಸಿಕ್ಕಿಸಿಕೊಂಡರು. ಕೂದಲು ತುಂಬಿದ ಕಿವಿಯಲ್ಲಿ ಕೆಂಪು ಹರಳು ಹೊಳೆಯುವುದನ್ನು ನೋಡಲಾರದೆ ಉಳಿದಿಬ್ಬರು ಚಾವಣಿ ನೋಡತೊಡಗಿದರು.

"ಹಂಗಾದ್ರ ಈಗ ನಿಮ್ಮ ಬಗ್ಗೆ ನೀವ ಹೇಳ್ರಿ," ಎಂದು ಗುತ್ತಲರು ಗದರಿದರು.

ಶಾಲ್ಮಲಾ ಮೇಜಿನ ಅಂಚನ್ನು ನೋಡುತ್ತ ಸುಮ್ಮನಿದ್ದಳು. ಇಂಥ ಮೌನಕ್ಕೆ ಗುತ್ತಲರು ಎಷ್ಟೋ ಕಡತಗಳನ್ನು ಮುಚ್ಚಿದ್ದರು. ಆದರೆ ತನ್ನನ್ನು ಧರಿಸಿದವರು ಯಾರೆಂಬುದು ಮಣಿಗೆ ಬೇಕಿರಲಿಲ್ಲ; ಎದುರಿಗಿರುವವರನ್ನು ಓದುವುದಷ್ಟೇ ಅದರ ಕೆಲಸ. ನಿಶ್ಶಬ್ದವಾಗಿದ್ದ ಕೋಣೆಯಲ್ಲಿ ಅದರ ಪಿಸುಮಾತು ಎಲ್ಲರಿಗೂ ಕೇಳಿಸಿತು.

"ಇವರು ಹಟ ಮಾಡುತ್ತಿಲ್ಲ. ಬಹಳ ಹೆದರಿದ್ದಾರೆ. ನಿಮ್ಮ ಪ್ರಶ್ನೆ ತೀರ ದೊಡ್ಡದು. ಒಂದೇ ವಿಷಯ ಕೇಳಿ, ಕಾಯಿರಿ."

ಗುತ್ತಲರು ಎದುರಿಗಿದ್ದ ಕಡತವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಗಾಲಿ ಬಿರುಕು ಬಿಟ್ಟಿದ್ದು ಹೆಂಗ ಗೊತ್ತಾಗತೈತಿ?"

ಕಾದರು. ಅವಳು ಅವರ ಮುಖ ನೋಡದೆಯೇ ಹೇಳಿದಳು. ಒಳ್ಳೆಯ ಗಾಲಿಯ ನಾದ ಉದ್ದಕ್ಕೆ ಉಳಿಯುತ್ತದೆ, ಬಿರುಕು ಬಿಟ್ಟದ್ದರ ನಾದ ಥಟ್ಟನೆ ಸಾಯುತ್ತದೆ. ಜಿಡ್ಡು ಮೆತ್ತಿದ್ದರೂ ಹಾಗೆಯೇ ಆಗುವುದರಿಂದ ಒರೆಸಿ ಮತ್ತೆ ತಟ್ಟಬೇಕು. ಆಗಲೂ ಅನುಮಾನವಿದ್ದರೆ ಯಾರು ಬೈದರೂ ರೈಲು ಬಿಡಬಾರದು.

"ಸೋಮವಾರ ಬರ್ರಿ. ಗಾಲಿ ಕೆಲಸಕ್ಕ," ಎಂದರು ಗುತ್ತಲರು.

ಎಷ್ಟು ಗಂಟೆಗೆ, ಯಾವ ಗೇಟಿಗೆ ಎಂದು ಅವಳು ಕೇಳಿದಳು. ಅವರು ಎರಡನ್ನೂ ಹೇಳಿದರು. ಅವಳು ಮಣಿಗಾಗಿ ಕೈ ಚಾಚಿದರೆ ಗುತ್ತಲರು ಅದನ್ನು ಕಿವಿಯಿಂದ ತೆಗೆಯಲೇ ಇಲ್ಲ. ಪಕ್ಕದವರ ಕಡೆ ತಿರುಗಿದರು.

"ಇಷ್ಟು ವರ್ಷ ನಾವು ಬ್ಯಾಡ ಅಂತ ಕಳಿಸಿದವರ ಅರ್ಜಿ ಎಲ್ಲಿ ಅದಾವ? ತರಸ್ರಿ. ಎಲ್ಲಾನೂ ತರಸ್ರಿ."