ಮಸಿಗೋಡೆಯ ನೀಲಿ ಹೂಗಳು

"ಕೈ ತೆಗೀರಿ! ಅದನ್ನ ಒರೆಸ್ಬೇಡಿ!"

ಏಣಿಯ ಮೇಲೆ ನಿಂತು ಹತ್ತಿಯಿಂದ ಗೋಡೆಯ ಮಸಿ ಒರೆಸುತ್ತಿದ್ದವಳು ಬೆಚ್ಚಿಬಿದ್ದಳು. ಗುರುದ್ವಾರದ ಬಾಗಿಲಿಗೆ ಹೊಸ ಚೌಕಟ್ಟು ಕೂರಿಸುತ್ತಿದ್ದ ಬಡಗಿ, ಕೈಯಲ್ಲಿ ಉಳಿ ಹಿಡಿದೇ ಎದ್ದು ಬಂದಿದ್ದ.

"ದೀಪದ ಮಸಿ ರೀ ಇದು. ಅಡಿಯಲ್ಲಿ ಹಳೇ ಚಿತ್ರ ಇದೆಯಂತೆ. ಅದನ್ನ ಬಿಡಿಸೋಕೇ ಗುರುದ್ವಾರದ ಅಧ್ಯಕ್ಷರು ನನಗೆ ಕೆಲಸ ಕೊಟ್ಟಿರೋದು."

"ದೀಪದ್ದಲ್ಲ. ನಮ್ಮ ತಾತ ಸತ್ತ ಬೆಂಕೀದು."

ಅವಳ ಕೈಯಿಂದ ಹತ್ತಿ ಜಾರಿತು.

ಕೋಪ ಇಳಿದ ಮೇಲೆ ಅವನೇ ಹೇಳಿದ. ಮರದ ಮಿಲ್ಲಿಗೆ ಕೂಲಿಗೆ ಬಂದ ಸಿಖ್ಖರು ರಜೆಯ ದಿನ ಇಟ್ಟಿಗೆ ಹೊತ್ತು ಕಟ್ಟಿದ ಗುರುದ್ವಾರ ಅದು. ಅವನ ಅಪ್ಪ ತೊಟ್ಟಿಲಲ್ಲಿದ್ದಾಗ ಗುಂಪೊಂದು ನುಗ್ಗಿ ಬೆಂಕಿಯಿಟ್ಟಿತು. ತಾತ ಪವಿತ್ರ ಗ್ರಂಥ ಸಾಹಿಬನ್ನು ತಲೆಯ ಮೇಲಿಟ್ಟುಕೊಂಡು ಹೊರಗೆ ತಂದ. ಅಡುಗೆಮನೆಯಲ್ಲಿ ಸಿಕ್ಕಿಬಿದ್ದವರಿಗಾಗಿ ಮತ್ತೆ ಒಳಗೆ ಹೋದ. ಸೂರು ಕುಸಿಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಕಟ್ಟಡ ಮತ್ತೆ ಎದ್ದಿತು, ಆದರೆ ಈ ಗೋಡೆಗೆ ಸುಣ್ಣ ಬಳಿಯಲು ಯಾರಿಗೂ ಮನಸ್ಸು ಬರಲಿಲ್ಲ.

ಅವಳು ಆ ಗೋಡೆ ಬಿಟ್ಟು ಪಕ್ಕದ ಕಂಬಗಳ ಕೆಲಸ ಹಿಡಿದಳು. ಮರುದಿನ ಬಂದು ನೋಡಿದರೆ ಏಣಿ ಅಲ್ಲಾಡುತ್ತಿರಲಿಲ್ಲ. ಕಾಲಿಗೆ ಹೊಸ ಮೊಳೆ ಬಿದ್ದಿತ್ತು.

"ನಾನು ಬಿದ್ರೆ ನಿಮಗೆ ಖುಷಿ ಅಂದ್ಕೊಂಡಿದ್ದೆ."

"ಬಿದ್ರೆ ನೆಲ ಹಾಳಾಗುತ್ತೆ. ಹಲಗೆ ನಾನೇ ಹಾಕಿದ್ದು," ಎಂದ ತಲೆಯೆತ್ತದೆ. ತಲೆಯ ಮೇಲಿನ ದುಪಟ್ಟಾ ಜಾರಿ ಅವಳ ಕಣ್ಣು ಮುಚ್ಚಿದಾಗ ಮಾತ್ರ ಕದ್ದು ನೋಡಿದ. ಅವಳು ದುಪಟ್ಟಾದ ಸಂದಿಯಿಂದ ಅದನ್ನು ನೋಡಿಬಿಟ್ಟಳು.

ಗೋಡೆಯ ತೀರ್ಮಾನ ಮಾಡಿದ್ದು ಅವನ ಅಜ್ಜಿ. ಕಣ್ಣಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣದ ಮುದುಕಿ.

"ಒರೆಸು ತಾಯಿ. ನನ್ನ ಮದುವೆ ಆಗಿದ್ದು ಆ ಹೂಗಳ ಎದುರು. ಗ್ರಂಥ ಸಾಹಿಬ್ ಸುತ್ತ ಬರುವಾಗ ನಾಚಿಕೆಗೆ ಗಂಡನ್ನ ನೋಡ್ಲಿಲ್ಲ, ನೀಲಿ ಹೂ ನೋಡ್ದೆ. ಇವನಿಗೆ ಆ ಮನುಷ್ಯ ಸತ್ತಿದ್ದಷ್ಟೇ ಗೊತ್ತು. ನನಗೆ ಬದುಕಿದ್ದೂ ಗೊತ್ತು."

ಬಡಗಿ ಹೋಗಿ ಏಣಿ ಹಿಡಿದು ನಿಂತ.

ಮಸಿ ಬಿಟ್ಟಿತು. ಹೂಗಳಿರಲಿಲ್ಲ. ಬಣ್ಣವನ್ನು ಬೆಂಕಿ ಎಂದೋ ತಿಂದಿತ್ತು. ಸುಟ್ಟ ಗಾರೆ ಮಾತ್ರ ಉಳಿದಿತ್ತು. ಮೂಲೆಯಲ್ಲಾದರೂ ಒಂದು ಎಸಳು ಸಿಕ್ಕೀತೆಂದು ಅವಳು ಒರೆಸುತ್ತಲೇ ಹೋದಳು. ಕೊನೆಗೆ ಅವಳು ಹತ್ತಿ ಬದಿಗಿಟ್ಟು ತಿರುಗಿ ನೋಡಿದಾಗ ಅವನಿಗೆ ಅರ್ಥವಾಯಿತು.

"ನೀಲೀನೇ ತಾನೇ?" ಅಜ್ಜಿ ಕೇಳಿದಳು.

"ಹೂಂ ಅಜ್ಜಿ. ನೀಲಿ," ಎಂದ ಬಡಗಿ.

"ನಿಮ್ಮ ತಾತಂಗೂ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ ಕಣೋ," ಎಂದು ಅಜ್ಜಿ ನಕ್ಕಳು. ತಡಕಾಡುತ್ತಾ ಹೋಗಿ ಬೋಳು ಗೋಡೆಗೆ ಹಣೆಯಿಟ್ಟು, ಮೊಮ್ಮಗನೆದುರು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು.

ಆ ಚಳಿಗಾಲವನ್ನು ಅಜ್ಜಿ ದಾಟಲಿಲ್ಲ.

ಅಜ್ಜಿಗಾಗಿ ನಡೆದ ಕೊನೆಯ ಪ್ರಾರ್ಥನೆಯ ದಿನ ಗೋಡೆ ಒರೆಸಿದ್ದವಳು ಬಂದಳು, ಆದರೆ ಮೆಟ್ಟಿಲಿನಲ್ಲೇ ನಿಂತಳು. ಬಡಗಿ ಹೊರಗೆ ಬಂದ.

"ಗೋಡೆ ಬರಿದಾಯ್ತು. ನಿಮ್ಮ ಮೇಲೆ ಕೋಪ ಬರ್ಲಿ ಅಂತ ಎಷ್ಟು ಕಾದೆ. ಬರೀ ನಿಮ್ಮ ನೆನಪೇ ಬಂತು."

ಆ ಮಾತಿಗೆ ಅವಳ ಕಣ್ಣು ತುಂಬಿತು. "ಒಂದು ವಿಷಯ ಕೇಳಿಸ್ಕೊಂಡು ಆಮೇಲೆ ಆ ಮಾತು ಹೇಳಿ. ನಾನು ಇದೇ ಬೀದಿಯವಳು. ನಿಮ್ಮ ತಾತನ ವಿಷಯ ಮನೇಲಿ ಕೇಳ್ದೆ. ನಮ್ಮಜ್ಜ ಬೆಂಕಿ ಇಡ್ಲಿಲ್ಲ. ಕಿಟಕೀಲಿ ಎಲ್ಲಾ ನೋಡಿ, ಬಾಗಿಲು ಹಾಕ್ಕೊಂಡ್ರಂತೆ."

ಅವನ ಮುಖ ಕಲ್ಲಾಯಿತು. ಬೀದಿಯತ್ತ ತಿರುಗಿ ಎದುರಿನ ಕಿಟಕಿಗಳನ್ನು ಒಂದೊಂದಾಗಿ ನೋಡಿದ. ಹೋಗಿಬಿಡಬೇಕೆಂದು ಅವಳು ಚಪ್ಪಲಿಗೆ ಕಾಲು ಚಾಚಿದಳು.

"ಎಲ್ಲಿಗೆ?" ಅವನು ಅವಳತ್ತ ತಿರುಗಿದ. "ಒಳಗೆ ಎಲ್ಲರೂ ಊಟಕ್ಕೆ ಕೂತಿದ್ದಾರೆ. ಇಲ್ಲಿ ಯಾರ ಮನೆಯವರು ಅಂತ ಕೇಳಿ ಬಡಿಸಲ್ಲ. ನನ್ನ ಪಕ್ಕ ಜಾಗ ಇದೆ."

"ಇವತ್ತಿಗೆ ಮಾತ್ರಾನಾ?"

ಅವನು ಬಗ್ಗಿ ಅವಳ ಚಪ್ಪಲಿಗಳನ್ನು ಎತ್ತಿಕೊಂಡು, ತನ್ನ ಚಪ್ಪಲಿಗಳ ಪಕ್ಕದಲ್ಲಿ ಜೋಡಿಸಿಟ್ಟ.